ಬೇವಿನ ಗಿಡದ ಕೆಳಗಿನ ಕಲ್ಲು

ಬಳ್ಳಾರಿಯ ಮೈದಾನದಲ್ಲಿ ಬೇಸಿಗೆಯ ವಸ್ತುಪ್ರದರ್ಶನ ಶುರುವಾಗುವ ಮುನ್ನ ಬೀದಿ ವ್ಯಾಪಾರಿಗಳು ತಂತಮ್ಮ ಜಾಗದಲ್ಲಿ ಒಂದೊಂದು ಕಲ್ಲು ಇಟ್ಟು ಹೋಗುತ್ತಿದ್ದರು. ಯಾರ ಕಲ್ಲು ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಇನ್ನೊಬ್ಬರದನ್ನು ಯಾರೂ ಸರಿಸುತ್ತಿರಲಿಲ್ಲ. ಮಂಡಕ್ಕಿಗೆ ಒಗ್ಗರಣೆ ಹಾಕಿದ ಮಂಡಾಳು, ಮೆಣಸಿನಕಾಯಿ ಬಜ್ಜಿ ಮಾರುವ ಪಕ್ಕೀರಮ್ಮನದು ಅವಳ ಅತ್ತೆಯ ಕಾಲದ ಕರಿಯ ಗುಂಡುಕಲ್ಲು. ಈ ಸಲ ಎಲ್ಲಿ ಕೂಡ್ತೀಯ ಎಂದು ಕೇಳಿದವರಿಗೆ ಅವಳದು ಒಂದೇ ಉತ್ತರ: “ಬಾಗಲ ಬಲಕ್ಕ, ಬೇವಿನ ಗಿಡದ ಕೆಳಗ.” ಆ ಒಂದು ತಿಂಗಳ ವ್ಯಾಪಾರದಲ್ಲೇ ಅವಳ ಮಳೆಗಾಲ ಕಳೆಯಬೇಕಿತ್ತು.

ಎಪ್ಪತ್ನಾಲ್ಕರಲ್ಲಿ ಹೊಸ ಕಟ್ಟಳೆ ಬಂತು. ಜೀಪಿನ ಮೈಕಿನಲ್ಲಿ ಸಾರಿದರು: ಅಂಗಡಿಗಳು ಸುಣ್ಣದ ಗೆರೆಯ ಒಳಗೇ ಇರಬೇಕು; ಗೆರೆಯ ಒಳಗಿನ ಜಾಗಕ್ಕೆ ತಗಡಿನ ಬಿಲ್ಲೆ ಕೊಡುತ್ತಾರೆ; ಬಿದ್ದಿರುವ ಕಲ್ಲುಗಳನ್ನೆಲ್ಲ ಸೋಮವಾರ ಬೆಳಿಗ್ಗೆ ಗಾಡಿಗೆ ಹೇರುತ್ತಾರೆ.

ಭಾನುವಾರ ಸಿರಿಗೇರಿಯಿಂದ ಸುದ್ದಿ ಬಂತು, ಮಗಳಿಗೆ ಹೆರಿಗೆ ನೋವು. ಪಕ್ಕೀರಮ್ಮ ಹೋಗದಿರುವಂತಿರಲಿಲ್ಲ. ಬಸ್ಸಿಗೆ ಮುನ್ನ ಮೈದಾನಕ್ಕೆ ಬಂದು ತನ್ನ ಕಲ್ಲಿಗೆ ಅರಿಶಿನ ಬಳಿದಳು, ಮೇಲೆ ಕುಂಕುಮವಿಟ್ಟಳು. ಗಾಡಿಯ ಆಳುಗಳು ಇದನ್ನಾದರೂ ಮುಟ್ಟಲಿಕ್ಕಿಲ್ಲ ಎಂಬ ಧೈರ್ಯ. ಬಳೆ ಮಾರುವ ಎಲ್ಲಮ್ಮ ಪಕ್ಕದಲ್ಲೇ ನಿಂತು ನಕ್ಕಳು.

“ಯಕ್ಕಾ, ಮಂಡಾಳವ್ವ ಅಂತ ಹೆಸರಿಡು. ಬರೋ ವರ್ಷ ನಾನೂ ಒಬ್ಬ ಬಳಿಯವ್ವನ್ನ ಕೂಡಸ್ತೀನಿ.”

ಮರುದಿನ ಮಧ್ಯಾಹ್ನ, ಮೊಮ್ಮಗನ ಮುಖ ನೋಡಿದ ಸಮಾಧಾನದಲ್ಲಿ ಅವಳು ಮರಳಿದಾಗ ಮೈದಾನ ಬೋಳಾಗಿತ್ತು. ಅವಳ ಕಲ್ಲು ಮಾತ್ರ ಇತ್ತು. ಸುಣ್ಣದ ಗೆರೆ ಅದನ್ನು ಬಳಸಿಕೊಂಡು ಹೋಗಿತ್ತು. ಎದುರಿಗೆ ಒಡೆದ ತೆಂಗಿನಕಾಯಿ, ಊದುಬತ್ತಿ, ಮಲ್ಲಿಗೆ. ಡೇರೆ ಹಾಕುವ ಕೂಲಿಗಳು ಮೊದಲು ಕೈಮುಗಿದರಂತೆ, ಆಮೇಲೆ ಕೇರಿಯ ಹೆಂಗಸರು. ಉಳಿದ ಜಾಗಗಳೆಲ್ಲ ಹಂಚಿಹೋಗಿದ್ದವು.

ಜಾಗ ಹಂಚುವ ಇನ್‌ಸ್ಪೆಕ್ಟರ್ ಜಯತೀರ್ಥ ಕೆಟ್ಟ ಮನುಷ್ಯನಲ್ಲ. ಎಲ್ಲಮ್ಮ ಬೆಳಗಿನಿಂದ ಬೇಡಿಕೊಂಡಿದ್ದಕ್ಕೆ ಒಂದು ಬಿಲ್ಲೆಯನ್ನು ಜೇಬಿನಲ್ಲಿ ಉಳಿಸಿಕೊಂಡಿದ್ದ. ಪಕ್ಕೀರಮ್ಮನನ್ನು ಬದಿಗೆ ಕರೆದ.

“ದೇವರ ಮುಂದ ಎಣ್ಣಿ ಬಾಣಲಿ ಇಡಾಕ ಬಿಡಂಗಿಲ್ಲಮ್ಮ, ಕಾಯ್ದೆ ಐತಿ. ನಿನ್ನ ಕಲ್ಲಾದ್ರ ನೀನೇ ತೊಳಿ, ಎತ್ತಿ ಬದಿಗಿಡು. ಬಿಲ್ಲೆ ಕೊಡ್ತೀನಿ. ನಮ್ಮ ಆಳು ಯಾರೂ ಅದನ್ನ ಮುಟ್ಟವಲ್ಲರು.”

ಅವಳು ನಲ್ಲಿಯಿಂದ ಕೊಡ ತುಂಬಿಸಿಕೊಂಡು ಬಂದಳು. ಅಷ್ಟರಲ್ಲಿ ಯಾರೋ ಒಬ್ಬಳು ಜ್ವರದ ಕೂಸನ್ನು ಕಲ್ಲಿನ ಮುಂದೆ ಮಲಗಿಸಿದ್ದಳು. ಕೊಡ ಕಂಡು ಕೂಸನ್ನು ಎತ್ತಿಕೊಂಡು ಸರಿದು ಜಾಗ ಬಿಟ್ಟಳು.

“ಬಾ ಯವ್ವ, ನೀರು ಹಾಕು. ತಣ್ಣಗಾಗ್ಲಿ ತಾಯಿ.”

ಇದು ನನ್ನ ಕಲ್ಲು, ನಾನೇ ಬಳಿದದ್ದು ಎಂಬ ಮಾತು ಪಕ್ಕೀರಮ್ಮನ ಗಂಟಲವರೆಗೆ ಬಂತು. ಆ ಕೂಸಿನ ತಾಯಿಯ ಮುಖದಲ್ಲಿ ಅದಕ್ಕೆ ಜಾಗವಿರಲಿಲ್ಲ. ಪಕ್ಕೀರಮ್ಮ ಕೊಡ ಬಗ್ಗಿಸಿದಳು. ಅರಿಶಿನ ಕುಂಕುಮ ಕರಗಿ ಮಣ್ಣಿಗಿಳಿದು ಕರಿಯ ಮೈ ಮತ್ತೆ ಕಂಡಿತು. ಒಂದು ಗಳಿಗೆ ಅದು ಬರೀ ಅವಳ ಕಲ್ಲಾಗಿತ್ತು. ಕೈ ಚಾಚಿ ಎತ್ತಬಹುದಿತ್ತು. ಅಷ್ಟರಲ್ಲಿ ಆ ಹೆಂಗಸು ಒದ್ದೆ ಕಲ್ಲಿಗೆ ಹೊಸ ಕುಂಕುಮ ಹಚ್ಚಿ, ಅದೇ ಬೆರಳಿನಿಂದ ಪಕ್ಕೀರಮ್ಮನ ಹಣೆಗೂ ಇಟ್ಟಳು. ಪಕ್ಕೀರಮ್ಮನ ತಲೆ ತಾನಾಗಿ ಬಾಗಿತು.

ಜಯತೀರ್ಥ ನೋಡುತ್ತಿದ್ದ. ಬಿಲ್ಲೆ ಜೇಬಿನಲ್ಲೇ ಉಳಿಯಿತು.

ಪ್ರದರ್ಶನ ಶುರುವಾದ ಸಂಜೆ ದೀಪ ಹತ್ತಿದವು. ಪಕ್ಕೀರಮ್ಮ ಗೇಟಿನ ಹೊರಗೆ, ರಸ್ತೆಯಾಚೆ, ಬುಟ್ಟಿಗೆ ಬಟ್ಟೆ ಮುಚ್ಚಿಕೊಂಡು ಕುಳಿತಿದ್ದಳು. ಬಟ್ಟೆ ತೆಗೆದರೆ ಪೊಲೀಸಿನವ ಎಬ್ಬಿಸುತ್ತಿದ್ದ. ಕೊಳಗಲ್ಲಿನಿಂದ ಬಂದ ಒಂದು ಸಂಸಾರ ಅವಳ ಮುಂದೆ ನಿಂತಿತು. ಅವಳು ಬಟ್ಟೆಯ ಅಂಚಿಗೆ ಕೈ ಹಾಕಿದಳು.

“ಯವ್ವಾ, ಹೊಸದಾಗಿ ಎದ್ದಾಳಂತಲ್ಲ ದೇವಿ, ಎಲ್ಲಿ?” ಎಂದು ಹಿರಿಯಳು ಕೇಳಿದಳು.

ಪಕ್ಕೀರಮ್ಮ ಬಟ್ಟೆ ಬಿಟ್ಟಳು.

“ಬಾಗಲ ಬಲಕ್ಕ,” ಎಂದಳು, “ಬೇವಿನ ಗಿಡದ ಕೆಳಗ.”