ಫ್ರೋಕೋಸ್ಟ್‌ಗೆ ಬನ್ನಿ

ಮೈಸೂರಿನ ಜಾಹ್ನವಿ ೧೯೯೬ರಲ್ಲಿ ದೋಹಾದ ಒಂದು ಸಣ್ಣ ಎಂಜಿನಿಯರಿಂಗ್ ಕಂಪನಿಯಲ್ಲಿ ಸೆಕ್ರೆಟರಿಯಾಗಿದ್ದಳು. ಬಾಸ್ ಯೋರ್ಗೆನ್‌ಸನ್ ಡೆನ್ಮಾರ್ಕಿನವನು. ನಾರ್ವೆಯಿಂದ ಬಂದು ಹೋಟೆಲಿನಲ್ಲಿ ಇಳಿದಿದ್ದ ಇಬ್ಬರು ಎಂಜಿನಿಯರುಗಳಿಗೆ ಒಂದು ಬುಧವಾರ ಅವನು ತನ್ನ ಭಾಷೆಯಲ್ಲೇ ಫ್ಯಾಕ್ಸ್ ಬರೆದುಕೊಟ್ಟ: ಶನಿವಾರ ನಮ್ಮ ಆಫೀಸಿಗೆ ಫ್ರೋಕೋಸ್ಟ್‌ಗೆ ಬನ್ನಿ.

“ಎಷ್ಟು ಗಂಟೆಗೆ ಅಂತ ಬರೆದಿಲ್ಲವಲ್ಲ, ಸರ್?”

“ಬೇಕಿಲ್ಲ. ಫ್ರೋಕೋಸ್ಟ್ ಅಂದರೆ ಮಧ್ಯಾಹ್ನದ ಊಟ. ನಮ್ಮವು ಅಕ್ಕತಂಗಿ ಭಾಷೆಗಳು. ಅವರಿಗೆ ಗೊತ್ತಾಗುತ್ತೆ.”

ಅವಳು ದೋಹಾದ ನಜ್ಮಾ ಬಡಾವಣೆಯಲ್ಲಿ ಕೆಫೆಟೇರಿಯಾ ಇಟ್ಟಿದ್ದ ಮೊಯ್ದಿನ್ ಕುಂಞಿಗೆ ಹನ್ನೆರಡು ಗಂಟೆಗೆ ಬಿರಿಯಾನಿ ಹೇಳಿದಳು.

ಶನಿವಾರ ಬೆಳಿಗ್ಗೆ ಏಳಕ್ಕೆ ಆಫೀಸಿನ ಬೀಗ ತೆಗೆಯಲು ಬಂದರೆ, ಟೈ ಕಟ್ಟಿಕೊಂಡ ಇಬ್ಬರು ಮೆಟ್ಟಿಲ ಮೇಲೆ ಕೂತಿದ್ದಾರೆ! “ಫ್ರೋಕೋಸ್ಟ್‌ಗೆ ಬಂದೆವು,” ಎಂದು ಹಿರಿಯವನಾದ ಥೋರ್ವಾಲ್ಡ್ ಎದ್ದು ಕೈಕುಲುಕಿದ. ನಾರ್ವೆಯಲ್ಲಿ ಆ ಮಾತಿಗೆ ಬೆಳಗಿನ ತಿಂಡಿ ಅಂತ ಅರ್ಥವಂತೆ. ಹೋಟೆಲಿನಲ್ಲಿ ಕಾಫಿಯನ್ನೂ ಮುಟ್ಟದೆ ಬಂದಿದ್ದರು.

ಆಫೀಸಿನಲ್ಲಿ ಇದ್ದದ್ದು ಅರ್ಧ ಪೊಟ್ಟಣ ಬಿಸ್ಕತ್ತು. ಬಾಸ್ ಸೈಟಿನಲ್ಲಿದ್ದ, ಅಲ್ಲಿ ಯಾರೂ ಫೋನ್ ಎತ್ತಲಿಲ್ಲ. ಜಾಹ್ನವಿ ಹಲ್ಲು ಕಚ್ಚಿಕೊಂಡು ಮೊಯ್ದಿನ್ ಕುಂಞಿಗೆ ಫೋನ್ ಮಾಡಿದಳು.

“ಹನ್ನೆರಡಕ್ಕೆ ಅಂತ ಹೇಳಿದ್ದಲ್ವಾ ಮೇಡಂ?”

“ಹನ್ನೆರಡಕ್ಕೂ ಬೇಕು, ಈಗಲೂ ಬೇಕು. ಪರೋಟ, ಮೊಟ್ಟೆ, ಏನಿದೆಯೋ ಕಳಿಸಿ. ಯಲ್ಲಾ, ಬೇಗ!”

ಅತಿಥಿಗಳು ಎರಡೆರಡು ಸಲ ಬಡಿಸಿಕೊಂಡು ತಿಂದರು. ಹನ್ನೆರಡಕ್ಕೆ ಬಿರಿಯಾನಿಯೂ ಬಂತು, ಬಾಸೂ ಬಂದ. ಹೊಟ್ಟೆ ತುಂಬಿದವರು ತಟ್ಟೆ ಮುಟ್ಟಲಿಲ್ಲ.

“ನೀನಾದರೂ ಅವರನ್ನು ಒಂದು ಮಾತು ಕೇಳಬಾರದಿತ್ತೇ?” ಎಂದು ಬಾಸ್ ಅವಳ ಮೇಲೆ ರೇಗಿದ.

ಥೋರ್ವಾಲ್ಡ್ ನಡುವೆ ಬಾಯಿ ಹಾಕಿದ. “ತಪ್ಪು ನಿಮ್ಮದೇ. ಈ ಪದ ಉತ್ತರ ಜರ್ಮನಿಯ ಹಳೆಯ ಭಾಷೆಯಿಂದ ಬಂದದ್ದು. ಫ್ರೋ ಅಂದರೆ ಮುಂಜಾನೆ, ಕೋಸ್ಟ್ ಅಂದರೆ ಆಹಾರ. ಸ್ವೀಡನ್ನಿನವರೂ ಬೆಳಗಿನ ತಿಂಡಿಗೇ ಫ್ರುಕೋಸ್ಟ್ ಅನ್ನುತ್ತಾರೆ.”

“ಮುನ್ನೂರು ವರ್ಷದ ಹಿಂದೆ ಏನಿತ್ತೋ ಯಾರಿಗೆ ಬೇಕು? ಇವತ್ತು ನಮ್ಮಲ್ಲಿ ಅದು ಊಟ!”

ಇಬ್ಬರೂ ತಮ್ಮ ತಮ್ಮ ಭಾಷೆಗಳಲ್ಲಿ ವಾದಕ್ಕಿಳಿದರು. ಜಾಹ್ನವಿ ಫೈಲನ್ನು ಮೇಜಿನ ಮೇಲೆ ಕುಕ್ಕಿದಳು.

“ಖಲಾಸ್, ಸಾಕು! ನಮ್ಮಲ್ಲೂ ಹೀಗೇ ಇದೆ. ನಮಗೆ ತಿಂಡಿ ಅಂದರೆ ಬೆಳಗಿನದು, ಅನಂತಪುರದ ನನ್ನ ನಾದಿನಿಯ ತೆಲುಗಿನಲ್ಲಿ ತಿಂಡಿ ಅಂದರೆ ಅನ್ನ, ಊಟ, ಎಲ್ಲವೂ. ಆದರೆ ನಾವು ಕರೆಯುವಾಗ ಎಷ್ಟು ಗಂಟೆಗೆ ಅಂತ ಹೇಳ್ತೀವಿ, ಸರ್. ನಾನು ಕೇಳಿದ್ದೆ. ನೀವೇ ಬೇಡ ಅಂದಿರಿ.”

ಯೋರ್ಗೆನ್‌ಸನ್ ಮುಖ ಕೆಂಪಾಯಿತು.

“ಹೌದು, ನೀನು ಕೇಳಿದ್ದೆ,” ಎಂದ. “ತಪ್ಪು ನನ್ನದು.”

ಬಾಸೂ ಅತಿಥಿಗಳೂ ಮೀಟಿಂಗ್ ಕೋಣೆಗೆ ನಡೆದರು. ಬೆಳಗಿನಿಂದ ಒಂದು ತುತ್ತೂ ತಿನ್ನದ ಜಾಹ್ನವಿ ಬಾಗಿಲು ಮುಂದೆ ಮಾಡಿ, ತಣ್ಣಗಾಗುತ್ತಿದ್ದ ಬಿರಿಯಾನಿಯ ಮುಂದೆ ಒಬ್ಬಳೇ ಕೂತಳು.