ಮಾಸ್ಕ್ ಜೊತೆಗೆ ಕೊಟ್ಟ ಹುಡುಗಿ

ಶಿವಮೊಗ್ಗದ ವಿನೋಬನಗರದ ಟೀಮಿನವರು ನನ್ನನ್ನು ಭದ್ರಾವತಿಗೆ ಕೊಟ್ಟಾಗ ಜೊತೆಗೆ ಒಂದು ಮಾಸ್ಕನ್ನೂ ಕೊಟ್ಟರು. ಮಾತುಕತೆ ಹೆಚ್ಚು ಹೊತ್ತು ನಡೆದದ್ದು ಮಾಸ್ಕಿನ ಬಗ್ಗೆ.

ಅದು ೧೯೯೮, ದೀಪಾವಳಿ ಮುಗಿದು ಸ್ವಲ್ಪ ದಿನ ಆಗಿತ್ತು. ನಾವು ಆಡುತ್ತಿದ್ದದ್ದು ಸಾಫ್ಟ್‌ಬಾಲ್. ಅಮೆರಿಕದವರ ಬೇಸ್‌ಬಾಲ್ ಇದೆಯಲ್ಲ, ಅದನ್ನೇ ಸ್ವಲ್ಪ ದೊಡ್ಡ ಚೆಂಡಿನಲ್ಲಿ, ಚಿಕ್ಕ ಮೈದಾನದಲ್ಲಿ ಆಡುವುದು. ಪಿಚರ್ ಸೊಂಟದ ಪಕ್ಕದಿಂದ ಕೈ ಬೀಸಿ ಚೆಂಡು ಎಸೆಯುತ್ತಾಳೆ. ಬ್ಯಾಟ್ ಹಿಡಿದವಳ ಹಿಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಹಿಡಿಯುವವಳು ಕ್ಯಾಚರ್; ಮುಖಕ್ಕೆ ಪೆಟ್ಟಾಗದಂತೆ ಅವಳು ಕಬ್ಬಿಣದ ಜಾಲರಿಯ ಮಾಸ್ಕ್ ಹಾಕುತ್ತಾಳೆ. ಹಿಡಿಯದೆ ಬಿಟ್ಟರೆ ಎದುರಾಳಿಗಳು ಒಂದು ಬೇಸಿನಿಂದ ಇನ್ನೊಂದಕ್ಕೆ ಓಡಿ, ಹೊರಟ ಜಾಗಕ್ಕೇ ಬಂದು ರನ್ ಗಳಿಸುತ್ತಾರೆ. ಇಷ್ಟು ತಿಳಿದರೆ ಸಾಕು. ಜಿಲ್ಲೆಯಲ್ಲಿ ಹುಡುಗಿಯರ ಟೀಮುಗಳು ಇದ್ದದ್ದೇ ನಾಲ್ಕು. ಆದರೂ ಡಿಸೆಂಬರ್ ಲೀಗಿಗೆ ಮುಂಚೆ ಒಂದು ವಾರ ಆಟಗಾರ್ತಿಯರು ಟೀಮ್ ಬದಲಾಯಿಸಬಹುದು ಎಂದು ನಿಯಮ ಮಾಡಿದ್ದರು. ಲೀಗಿನಲ್ಲಿ ನಡೆಯದಷ್ಟು ಜಗಳ ಆ ಒಂದು ವಾರದಲ್ಲಿ ನಡೆಯುತ್ತಿತ್ತು.

ನಾನು ಚನ್ನಗಿರಿಯವಳು, ಮೂರನೇ ಬಿ.ಎ., ಹಾಸ್ಟೆಲಿನಲ್ಲಿದ್ದೆ. ಟೀಮಿನಲ್ಲಿ ಎರಡನೇ ಕ್ಯಾಚರ್. ಮೊದಲನೆಯವಳು ಶ್ರೀಗೌರಿ; ಕ್ಯಾಪ್ಟನ್ ಕೂಡ ಅವಳೇ. ಎರಡು ವರ್ಷದಲ್ಲಿ ಹದಿನಾಲ್ಕು ಮ್ಯಾಚ್ ಆದವು, ನಾನು ಆಡಿದ್ದು ಒಂದೂ ಇಲ್ಲ. ಪ್ರಾಕ್ಟೀಸಿನಲ್ಲಿ ಕಾಂಪೌಂಡ್ ಗೋಡೆಯ ಹತ್ತಿರ ಪಿಚರ್‌ಗಳ ಕೈ ಬಿಸಿಯಾಗುವವರೆಗೆ ಚೆಂಡು ಹಿಡಿಯುವುದು ನನ್ನ ಕೆಲಸ. ದಿನಕ್ಕೆ ನೂರು ಎಸೆತವಾದರೂ ಆಗುತ್ತಿತ್ತು. ಆಗೆಲ್ಲ ಕೋಚ್ ನರಸಿಂಹಮೂರ್ತಿ ಸರ್ ನನ್ನ ಕಡೆ ಬೆನ್ನು ಹಾಕಿಕೊಂಡು ಶ್ರೀಗೌರಿಗೆ ಬ್ಯಾಟಿಂಗ್ ಹೇಳಿಕೊಡುತ್ತಿದ್ದರು. ಮ್ಯಾಚಿನ ದಿನ ನನ್ನ ಕೈಗೆ ಸ್ಕೋರ್ ಬುಕ್ ಬರುತ್ತಿತ್ತು.

ಮಂಗಳವಾರ ಸಂಜೆ ಭದ್ರಾವತಿಯ ಕಾಗದನಗರದ ಟೀಮಿನ ಕೋಚ್ ವಿಶಾಲಮ್ಮ ಬಂದರು. ಅಲ್ಲಿನ ಶಾಲೆಯಲ್ಲಿ ಪಿ.ಟಿ. ಟೀಚರ್. ಐವತ್ತು ದಾಟಿದ, ಗಟ್ಟಿ ಗಂಟಲಿನ ಹೆಂಗಸು. ಸೀರೆ, ಕ್ಯಾನ್ವಾಸ್ ಶೂ, ಕೊರಳಲ್ಲಿ ವಿಷಲ್. ನಮ್ಮ ಸರ್‌ಗೆ ಬೇಕಾಗಿದ್ದದ್ದು ಅವರ ಪಿಚರ್ ಜಗದಾಂಬಾ. ಜಿಲ್ಲೆಯಲ್ಲಿ ಅವಳಷ್ಟು ಜೋರಾಗಿ ಎಸೆಯುವವರು ಯಾರೂ ಇರಲಿಲ್ಲ. ಅವಳು ಆ ವರ್ಷ ಶಿವಮೊಗ್ಗದಲ್ಲೇ ಕಾಲೇಜು ಸೇರಿದ್ದಳು, ಬರಲು ಒಪ್ಪಿದ್ದಳು ಕೂಡ.

"ಅವಳು ಹೋಗ್ತಾಳೆ ಅಂದ್ರೆ ನಾನೇನು ಹಗ್ಗ ಹಾಕಿ ಕಟ್ಟಲ್ಲ" ಎಂದರು ವಿಶಾಲಮ್ಮ. "ಆದ್ರೆ ಬರಿಗೈಲಿ ಕಳಿಸ್ಬೇಡಿ. ಒಬ್ಬ ಕ್ಯಾಚರ್ ಕೊಡಿ. ಆ ಉದ್ದ ಹುಡುಗಿ ಆಗ್ತಾಳೆ."

ಉದ್ದ ಹುಡುಗಿ ಎಂದರೆ ಶ್ರೀಗೌರಿ.

"ಅವಳು ಕ್ಯಾಪ್ಟನ್ ಕಣ್ರೀ. ತನುಜಾನ ಕರ್ಕೊಂಡು ಹೋಗಿ."

ವಿಶಾಲಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಹಿಡೀತಾಳಾ?"

"ಸ್ಕೋರ್ ಚೆನ್ನಾಗಿ ಬರೀತಾಳೆ" ಎಂದರು ಸರ್.

"ಅದನ್ನ ಕೇಳ್ಲಿಲ್ಲ. ಹೋಗ್ಲಿ, ಒಂದು ಮಾಸ್ಕೂ ಕೊಡಿ. ನಮ್ದು ಮುರಿದು ತಂತಿ ಸುತ್ತಿದೀವಿ."

ಆಮೇಲೆ ಅರ್ಧ ಗಂಟೆ ಮಾಸ್ಕಿನ ಚೌಕಾಸಿ. ಹೊಸದಾ, ಹಳೆಯದಾ? ಒಳಗಿನ ಸ್ಪಂಜು ಸರಿ ಇದೆಯಾ? ಕೊನೆಗೆ ಹಳೆಯದು ಎಂದು ತೀರ್ಮಾನವಾಯಿತು. ನನ್ನ ಬಗ್ಗೆ ಮತ್ತೆ ಯಾರೂ ಏನೂ ಕೇಳಲಿಲ್ಲ, ನನ್ನನ್ನಂತೂ ಕೇಳಲೇ ಇಲ್ಲ. ಅಳು ಬರಲಿಲ್ಲ. ಸಿಟ್ಟು ಬಂತು. ಆದರೆ ಸಿಟ್ಟಿನ ಮಧ್ಯದಲ್ಲೂ ನನಗೆ ಬೇಕಾದದ್ದು ಯಾವುದು ಅಂತ ಚೆನ್ನಾಗಿ ಗೊತ್ತಿತ್ತು. ಒಂಬತ್ತು ಜನರಲ್ಲಿ ಒಬ್ಬಳಾಗಿ ಮೈದಾನಕ್ಕೆ ಇಳಿಯಬೇಕು. ಶಿವಮೊಗ್ಗವೋ ಭದ್ರಾವತಿಯೋ, ಅದು ಆಮೇಲಿನ ಮಾತು.

ಬಸ್‌ಸ್ಟಾಪಿನವರೆಗೆ ವಿಶಾಲಮ್ಮನ ಹಿಂದೆ ಹೋದೆ. "ಮೇಡಂ, ನಾನು ಬಂದ್ರೆ ಒಂಬತ್ತು ಜನದಲ್ಲಿ ಇರ್ತೀನಾ?"

"ಅಯ್ಯೋ ಮಾರಾಯ್ತಿ, ಜಗದಾಂಬಾ ಹೋದ್ಮೇಲೆ ನಮ್ಮಲ್ಲಿ ಉಳಿಯೋದು ಎಂಟು ಜನ. ನೀನು ಸೇರಿದ್ರೆ ಒಂಬತ್ತು. ನಿನಗೆ ಜ್ವರ ಬಂದ್ರೂ ಆಡಿಸ್ತೀನಿ" ಎಂದು ಬಸ್ಸು ಹತ್ತಿದರು.

ಯಾವ ಟೀಮಿನವರೂ ನನಗೆ ಇದಕ್ಕಿಂತ ಒಳ್ಳೆಯ ಮಾತು ಹೇಳಿರಲಿಲ್ಲ.

ಜಿಲ್ಲಾ ಸಂಸ್ಥೆಯ ಆಫೀಸು ಆಲ್ಕೊಳ ಸರ್ಕಲ್ಲಿನಲ್ಲಿ ಶಿವಶಂಕರಪ್ಪನವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಒಳಗಿತ್ತು. ಕಾರ್ಯದರ್ಶಿ ಅವರೇ, ಟೈಪಿಸ್ಟ್ ಅವರೇ. ಟೀಮ್ ಬದಲಾಯಿಸುವ ಪ್ರತಿಯೊಬ್ಬಳೂ ತಾನೇ ಬಂದು ಫಾರಂಗೆ ಸಹಿ ಹಾಕಬೇಕು. ಶನಿವಾರ ಸಂಜೆ ಐದಕ್ಕೆ ಅವರು ಸೀಲ್ ಹೊಡೆಯುತ್ತಾರೆ. ಅಲ್ಲಿಯವರೆಗೆ ಸಹಿ ಹಾಕಿದವಳು ಮನಸ್ಸು ಬದಲಾಯಿಸಬಹುದು. ಐದೇ ಯಾಕೆ ಎಂದರೆ, ಐದೂಕಾಲಿಗೆ ಟೈಪಿಂಗ್ ಕಲಿಯುವ ಸೀನಿಯರ್ ಬ್ಯಾಚಿನ ಹುಡುಗಿಯರು ಬರುತ್ತಿದ್ದರು, ಮೇಜು ಖಾಲಿ ಮಾಡಬೇಕಿತ್ತು.

ಗುರುವಾರ ಹೋಗಿ ಸಹಿ ಹಾಕಿದೆ.

"ಮನೇಲಿ ಕೇಳಿದೀಯೇನಮ್ಮ?" ಎಂದರು ಶಿವಶಂಕರಪ್ಪ.

"ಟೀಮಿನವರೇ ನನ್ನ ಕೇಳ್ಲಿಲ್ಲ ಸರ್. ಮನೆಯವರನ್ನ ನಾನ್ಯಾಕೆ ಕೇಳ್ಲಿ?"

ಅವರು ಕನ್ನಡಕದ ಮೇಲಿಂದ ನೋಡಿ, ಫಾರಂ ಫೈಲಿಗೆ ಸೇರಿಸಿದರು. ಜಗದಾಂಬಾ ಇನ್ನೂ ಬಂದಿರಲಿಲ್ಲ. ಹೊಸ ಟೀಮಿನಲ್ಲಿ ಒಂದು ಸಲ ಎಸೆದು ನೋಡಿಯೇ ಸಹಿ ಹಾಕುವುದಾಗಿ ಹೇಳಿ ಕಳಿಸಿದ್ದಳಂತೆ.

ಶನಿವಾರ ಮಧ್ಯಾಹ್ನ ಮೂರಕ್ಕೆ ಸ್ಕೋರ್ ಬುಕ್ ಒಪ್ಪಿಸಿ ಮಾಸ್ಕ್ ತಗೊಂಡು ಹೋಗಲು ಮೈದಾನಕ್ಕೆ ಬಂದೆ. ಜಗದಾಂಬಾ ಆಗಲೇ ಎಸೆಯುತ್ತಿದ್ದಳು. ಕಾಗದದ ಕಾರ್ಖಾನೆಯ ಫೋರ್‌ಮನ್ ಒಬ್ಬರ ಮಗಳು. ದಪ್ಪ ಭುಜ, ಗಿಡ್ಡ ಕಾಲು, ಎರಡು ಜಡೆ. ಹಿಡಿಯಲು ಕೂತವಳು ಶ್ರೀಗೌರಿ. ಮೊದಲ ಎಸೆತ ಅವಳ ಗ್ಲೌಸಿಗೆ ತಾಗಿ ಹಿಂದಕ್ಕೆ ಹೋಯಿತು. ಎರಡನೆಯದು ಭುಜಕ್ಕೆ ಬಿತ್ತು. ಮೂರನೆಯದು ಅರ್ಧ ದಾರಿಯವರೆಗೆ ನೇರ ಬಂದು, ಕೊನೆಯ ಗಳಿಗೆಯಲ್ಲಿ ಕುಸಿದು, ಅವಳ ಕಾಲಿನ ಸಂದಿಯಲ್ಲಿ ತೂರಿ ಮೈದಾನದಾಚೆ ಚರಂಡಿಗೆ ಬಿತ್ತು.

"ಸ್ವಲ್ಪ ನಿಧಾನ ಎಸಿಯಮ್ಮ, ಅಭ್ಯಾಸ ಆಗ್ಲಿ" ಎಂದರು ಸರ್.

ಜಗದಾಂಬಾ ಸೊಂಟದ ಮೇಲೆ ಕೈ ಇಟ್ಟಳು. "ನಿಧಾನಕ್ಕೆ ಎಸಿಯೋದಾದ್ರೆ ಭದ್ರಾವತೀಲೇ ಎಸೀತಿದ್ದೆ ಸರ್. ಮೂರು ವರ್ಷದಿಂದ ಅದೇ ಮಾಡಿದೀನಿ. ಜೋರಾಗಿ ಹಾಕಿದ್ರೆ ಅಲ್ಲಿ ಯಾರೂ ಹಿಡಿಯಲ್ಲ, ಅದಕ್ಕೇ ಇಲ್ಲಿಗೆ ಬಂದದ್ದು."

ಅದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಅವಳು ನಮ್ಮ ವಿರುದ್ಧ ಆಡಿದ ಎರಡು ಮ್ಯಾಚಿನ ಸ್ಕೋರ್ ಬರೆದವಳು ನಾನೇ. ಅವಳ ಕ್ಯಾಚರ್ ಕೈಬಿಟ್ಟ ಚೆಂಡು ಹನ್ನೊಂದು. ಅದರಲ್ಲಿ ಒಂಬತ್ತು ಆ ಕುಸಿಯುವ ಚೆಂಡು. ಅದನ್ನು ಎಸೆಯುವ ಮುಂಚೆ ಪ್ರತಿಸಲವೂ ಅವಳು ಬಲಗಡೆಯ ಜಡೆಯನ್ನು ಬೆನ್ನ ಹಿಂದಕ್ಕೆ ಎಸೆದುಕೊಳ್ಳುತ್ತಿದ್ದಳು. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ "ಜಡೆ" ಎಂದು ಒಂಬತ್ತು ಸಲ ಬರೆದಿದ್ದೆ. ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ಗೊತ್ತಿದ್ದೇ ಬರೆಯುವುದು ನನ್ನ ಚಟ.

"ನಾನು ಕೂರ್ಲಾ?" ಎಂದೆ.

ಸರ್ ಚರಂಡಿಯ ಕಡೆ ನೋಡುತ್ತಿದ್ದರು. ನನಗೆ ಬರಬೇಕಾದ ಹಳೆಯ ಮಾಸ್ಕ್ ಹಾಕಿಕೊಂಡು ಕೂತೆ.

ಮೊದಲನೆಯದು ಗ್ಲೌಸಿನಲ್ಲಿ ಠಪ್ಪೆಂದಿತು. ಅಂಗೈ ಉರಿಯಿತು. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಅವಳು ಜಡೆ ಹಿಂದಕ್ಕೆ ಹಾಕಿಕೊಂಡಳು. ನಾನು ಮೊಣಕಾಲು ನೆಲಕ್ಕಿಟ್ಟು ಗ್ಲೌಸನ್ನು ಮಣ್ಣಿಗೆ ತಾಗಿಸಿದೆ. ಚೆಂಡು ಕುಸಿದು ಬಂದು ಅದರೊಳಗೇ ಕೂತಿತು.

ಜಗದಾಂಬಾ ಹಲ್ಲೆಲ್ಲ ಬಿಟ್ಟು ನಕ್ಕಳು. "ಏ! ಹಿಡಿದೇಬಿಟ್ಟೆಯಲ್ಲೇ!"

"ಇನ್ನೊಂದು ಹಾಕು."

"ಇದಕ್ಕಿಂತ ಜೋರಾಗಿ ಹಾಕ್ಲಾ?"

"ಹಾಕೇ ಮಾರಾಯ್ತಿ, ಮಾತು ಯಾಕೆ?"

ಇಪ್ಪತ್ತು ಎಸೆದಳು. ಒಂದು ಬಿಟ್ಟೆ, ಹತ್ತೊಂಬತ್ತು ಹಿಡಿದೆ. ಕೊನೆಕೊನೆಗೆ ಅವಳು ಎಸೆಯುವಾಗಲೇ ಕೂಗುತ್ತಿದ್ದಳು, ನಾನು ಹಿಡಿದಾಗ ಕೂಗುತ್ತಿದ್ದೆ. ಶ್ರೀಗೌರಿ ಭುಜ ತಿಕ್ಕಿಕೊಳ್ಳುತ್ತ ಚಪ್ಪಾಳೆ ಹೊಡೆದಳು. ಅವಳು ಕೆಟ್ಟವಳಲ್ಲ, ಕೆಟ್ಟ ಕ್ಯಾಚರ್ ಅಷ್ಟೆ.

ತಲೆ ಎತ್ತಿದಾಗ ಸರ್ ನನ್ನನ್ನೇ ನೋಡುತ್ತಿದ್ದರು. ಎರಡು ವರ್ಷದಲ್ಲಿ ಮೊದಲ ಸಲ.

"ತನುಜಾ, ನೀನು ಎಲ್ಲಿಗೂ ಹೋಗಲ್ಲ" ಎಂದರು. ಗಡಿಯಾರ ನೋಡಿಕೊಂಡರು. ನಾಲ್ಕು ಗಂಟೆ ಐದು ನಿಮಿಷ. ಲೂನಾಗೆ ಕಿಕ್ ಹೊಡೆದು ಆಲ್ಕೊಳದ ಕಡೆ ಹೊರಟೇಬಿಟ್ಟರು. ನಾನೂ ಜಗದಾಂಬಾನೂ ಹಿಂದಿನಿಂದ ಆಟೋ ಹಿಡಿದೆವು. ಮಾಸ್ಕ್ ನನ್ನ ತೊಡೆಯ ಮೇಲಿತ್ತು.

ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ವಿಶಾಲಮ್ಮ ಆಗಲೇ ಬಂದು ಕಡಲೆಕಾಯಿ ಸುಲಿಯುತ್ತಿದ್ದರು. ಸರ್ ಅವರೆದುರು ಸ್ಟೂಲ್ ಎಳೆದುಕೊಂಡರು.

"ವಿಶಾಲಮ್ಮ, ತನುಜಾನ ವಾಪಸ್ ಕೊಡಿ. ಅವಳ ಬದಲು ಬೇರೆ ಒಬ್ಬರನ್ನ ಕೊಡ್ತೀನಿ."

"ಯಾಕೆ? ಸ್ಕೋರ್ ಬರೆಯೋರು ಯಾರೂ ಇಲ್ವಾ?"

"ಇಬ್ಬರನ್ನ ಕೊಡ್ತೀನಿ."

ವಿಶಾಲಮ್ಮ ಕಡಲೆಕಾಯಿ ಕೆಳಗಿಟ್ಟರು. ಬೆಲೆ ಏರುತ್ತಿದ್ದರೆ ಕಾರಣ ಇರಬೇಕು ಎಂದು ತಿಳಿಯದಷ್ಟು ದಡ್ಡರಲ್ಲ ಅವರು. ಜಗದಾಂಬಾ ಕಡೆ ತಿರುಗಿದರು. "ಏನೇ ಆಯ್ತು?"

"ಇವಳು ಹಿಡೀತಾಳೆ ಮೇಡಂ. ಎಲ್ಲಾನೂ ಹಿಡೀತಾಳೆ."

"ಕುಸಿಯೋದನ್ನೂ?"

"ಅದನ್ನೂ."

"ಮೂವರನ್ನ ಕೊಡ್ತೀನಿ" ಎಂದರು ಸರ್, "ಹೊಸ ಮಾಸ್ಕೂ ಕೊಡ್ತೀನಿ. ಎರಡನ್ನೂ ಇಟ್ಕೊಳ್ಳಿ."

ಮಂಗಳವಾರ ನಾನು ಒಂದು ಹಳೆಯ ಮಾಸ್ಕಿನ ಜೊತೆಗೆ ಹೋಗುವ ಸಾಮಾನು. ಶನಿವಾರ ನನ್ನ ಬೆಲೆ ಮೂರು ಹುಡುಗಿಯರು, ಎರಡು ಮಾಸ್ಕು. ನಗು ತಡೆಯಲಾಗಲಿಲ್ಲ, ತಡೆಯಲಿಲ್ಲ ಕೂಡ.

"ನಗೋದಕ್ಕೇನಿದೆ?" ಎಂದರು ಸರ್.

"ಏನಿಲ್ಲ ಸರ್. ಒಂದು ವಿಷಯ ಹೇಳಿ. ನಾನು ವಾಪಸ್ ಬಂದ್ರೆ ಒಂಬತ್ತು ಜನದಲ್ಲಿ ಇರ್ತೀನಾ?"

"ಇರ್ತೀಯ. ಅಂದ್ರೆ, ಜಗದಾಂಬಾ ಎಸೆಯೋ ದಿನ ನೀನು. ಬೇರೆ ದಿನ ಶ್ರೀಗೌರಿ. ಅವಳು ಕ್ಯಾಪ್ಟನ್ ನೋಡು. ಹೊಂದಿಸೋಣ."

ಸರ್ ನನಗೆ "ಹೊಂದಿಸೋಣ" ಎಂದದ್ದು ಅದು ಆರನೇ ಸಲ. ಹಿಂದಿನ ಐದು ಸಲವೂ ಹೊಂದಿಕೊಂಡವಳು ನಾನು.

"ಫಾರಂ ಹಾಗೇ ಇರ್ಲಿ ಸರ್" ಎಂದು ಶಿವಶಂಕರಪ್ಪನವರಿಗೆ ಹೇಳಿದೆ.

ಸರ್ ಮುಖ ಸಣ್ಣದಾಯಿತು. ಆದರೂ ಧೈರ್ಯ ಬಿಡಲಿಲ್ಲ. "ಆಯ್ತು. ಪಿಚರ್ ಆದ್ರೂ ಬಂದಳಲ್ಲ. ಜಗದಾಂಬಾ, ಬಾ, ಸಹಿ ಹಾಕು."

ಜಗದಾಂಬಾ ಪೆನ್ನು ಕೈಗೆ ತಗೊಂಡಳು. ಕ್ಯಾಪ್ ತೆಗೆದಳು. ಮತ್ತೆ ಹಾಕಿದಳು.

"ನಾನ್ಯಾಕೆ ಹಾಕ್ಲಿ ಸರ್? ಹಿಡಿಯೋಳು ಆ ಕಡೆ ಹೋಗ್ತಿದಾಳಲ್ಲ."

"ಮಾತು ಆಗಿತ್ತಲ್ಲಮ್ಮ!"

"ನೀವು ನೀವೇ ಮಾತಾಡ್ಕೊಂಡ್ರಿ. ನಾನು ಎಸೆದು ನೋಡಿ ಹೇಳ್ತೀನಿ ಅಂದಿದ್ದೆ. ಎಸೆದು ನೋಡಿದೆ." ಅವಳು ಪೆನ್ನನ್ನು ಮೇಜಿನ ಮೇಲೆ ಇಟ್ಟಳು. "ಕಾಲೇಜಿಗೆ ಹೇಗೂ ದಿನಾ ಓಡಾಡ್ತೀನಿ. ಇನ್ಮೇಲೆ ಪ್ರಾಕ್ಟೀಸಿಗೆ ಇವಳನ್ನೂ ಕರ್ಕೊಂಡು ಹೋಗ್ತೀನಿ, ಅಷ್ಟೆ."

ಸರ್ ಶಿವಶಂಕರಪ್ಪನವರ ಕಡೆ ತಿರುಗಿದರು. "ಇದು ನಡೆಯುತ್ತೇನ್ರೀ? ಒಬ್ಬಳು ಹೋಗೋದು, ಇನ್ನೊಬ್ಬಳು ಬರದೇ ಇರೋದು?"

"ಫಾರಂ ಒಬ್ಬೊಬ್ಬರದ್ದು ಸಾರ್. ಜೋಡಿ ಫಾರಂ ಇಲ್ಲ ನಮ್ಮಲ್ಲಿ" ಎಂದು ಶಿವಶಂಕರಪ್ಪ ಗಡಿಯಾರ ನೋಡಿದರು. ಸೀಲನ್ನು ಇಂಕ್ ಪ್ಯಾಡಿಗೆ ಒತ್ತಿ ನನ್ನ ಫಾರಂ ಮೇಲೆ ಬಲವಾಗಿ ಹೊಡೆದರು. ಬಾಗಿಲಲ್ಲಿ ಸೀನಿಯರ್ ಬ್ಯಾಚಿನ ಹುಡುಗಿಯರು ನಿಂತು ನೋಡುತ್ತಿದ್ದರು.

ವಿಶಾಲಮ್ಮ ನ್ಯಾಯವಂತರು. ನನ್ನ ಕೈಯಿಂದ ಮಾಸ್ಕ್ ತಗೊಂಡು ಸರ್ ಮುಂದೆ ಹಿಡಿದರು. "ತಗೊಳ್ಳಿ ಮೂರ್ತಿಗಳೇ. ನಿಮಗೇನೂ ಸಿಗ್ಲಿಲ್ಲ, ಇದಾದ್ರೂ ಇಟ್ಕೊಳ್ಳಿ."

ಸರ್ ಮಾಸ್ಕನ್ನು ನೋಡಿದರು, ಜಗದಾಂಬಾಳ ಭುಜ ನೋಡಿದರು, ನನ್ನ ಮೂಗು ನೋಡಿದರು. "ಬೇಡ. ನಿಮ್ಮ ತಂತಿ ಸುತ್ತಿದ ಮಾಸ್ಕ್ ಹಾಕ್ಕೊಂಡು ಇವಳ ಚೆಂಡಿಗೆ ಕೂತ್ರೆ ಆ ಹುಡುಗಿ ಮುಖ ಉಳಿಯಲ್ಲ. ಅವಳ ಹತ್ರಾನೇ ಇರ್ಲಿ." ಹೊರಗೆ ಹೋಗಿ ಲೂನಾಗೆ ನಾಲ್ಕು ಸಲ ಕಿಕ್ ಹೊಡೆದರು. ಐದನೇ ಸಲಕ್ಕೆ ಅದು ಸ್ಟಾರ್ಟ್ ಆಯಿತು.

ಕಾಗದನಗರದ ಟೀಮಿನಲ್ಲಿ ಈಗ ಹತ್ತು ಜನರಾದರು. ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ಸಲ ಒಬ್ಬಳು ಹೆಚ್ಚಿಗೆ ಇದ್ದಳು. ಅವಳನ್ನು ಏನು ಮಾಡಬೇಕೆಂದು ತಿಳಿಯದೆ ವಿಶಾಲಮ್ಮ ಎರಡು ದಿನ ಯೋಚಿಸಿದರು. ಕೊನೆಗೆ ಪ್ರತಿ ಮ್ಯಾಚಿಗೂ ಒಬ್ಬೊಬ್ಬರು ಸರದಿ ಪ್ರಕಾರ ಹೊರಗೆ ಕೂರಬೇಕು ಎಂದು ಬರೆದು ಗೋಡೆಗೆ ಅಂಟಿಸಿದರು. ಆ ಪಟ್ಟಿಯಲ್ಲಿ ಪಿಚರ್ ಹೆಸರು, ಕ್ಯಾಚರ್ ಹೆಸರು ಎರಡೂ ಇರಲಿಲ್ಲ.

ಡಿಸೆಂಬರ್ ಎರಡನೇ ಭಾನುವಾರ ಕಾಗದನಗರದ ಮೈದಾನದಲ್ಲಿ ಮೊದಲ ಮ್ಯಾಚ್. ಎದುರಾಳಿ ವಿನೋಬನಗರ. ಕಾರ್ಖಾನೆ ಕ್ವಾರ್ಟರ್ಸಿನ ಹೆಂಗಸರು ಕಾಂಪೌಂಡಿನ ಮೇಲೆ ಕೂತಿದ್ದರು. ತಮಿಳಿನಲ್ಲೂ ತೆಲುಗಿನಲ್ಲೂ ಕನ್ನಡದಲ್ಲೂ ಜಗದಾಂಬಾಳ ಹೆಸರು ಕೂಗುತ್ತಿದ್ದರು. ನಾಲ್ಕನೇ ಇನ್ನಿಂಗ್ಸ್ ಹೊತ್ತಿಗೆ ಅವಳು ಎಂಟು ಜನರನ್ನು ಔಟ್ ಮಾಡಿದ್ದಳು. ನಾನು ಒಂದೂ ಚೆಂಡು ಬಿಟ್ಟಿರಲಿಲ್ಲ. ಮಂಡಿ ಸುಲಿದಿತ್ತು, ಬಾಯಲ್ಲಿ ಮಣ್ಣಿತ್ತು, ಎದ್ದು ಹೋಗುವ ಮನಸ್ಸೇ ಇರಲಿಲ್ಲ.

ಶ್ರೀಗೌರಿ ಬ್ಯಾಟಿಗೆ ಬಂದಳು. "ಕುಸಿಯೋದು ಹಾಕ್ಸಬೇಡ ಕಣೇ, ದಮ್ಮಯ್ಯ" ಎಂದು ಪಿಸುಗುಟ್ಟಿದಳು. ನಾನು ಮಾಸ್ಕಿನೊಳಗೇ ನಕ್ಕೆ. ಎರಡು ಸ್ಟ್ರೈಕ್ ಆದವು, ಇನ್ನೊಂದು ಚೆಂಡು ತಪ್ಪಿದರೆ ಔಟ್. ಜಗದಾಂಬಾ ಜಡೆ ಹಿಂದಕ್ಕೆ ಹಾಕಿಕೊಂಡಳು. ಶ್ರೀಗೌರಿಯ ಬ್ಯಾಟು ಗಾಳಿಯಲ್ಲಿ ಸುತ್ತಿ ಬಂದಾಗ ಚೆಂಡು ನನ್ನ ಗ್ಲೌಸಿನಲ್ಲಿತ್ತು.

ವಿನೋಬನಗರದ ಬೆಂಚಿನಲ್ಲಿ ಸ್ಕೋರ್ ಬುಕ್ ಈಗ ಸರ್ ತೊಡೆಯ ಮೇಲಿತ್ತು. ಅದನ್ನು ಬರೆಯಲು ಬರುವವರು ಅವರಲ್ಲಿ ಬೇರೆ ಯಾರೂ ಇರಲಿಲ್ಲ. ಅವರಿಗೂ ಸರಿಯಾಗಿ ಬರುತ್ತಿರಲಿಲ್ಲ. ಪೆನ್ಸಿಲ್ ಎತ್ತಿ ಮೈದಾನದಾಚೆಯಿಂದಲೇ ಕೂಗಿದರು. "ತನುಜಾ! ಇದನ್ನ ಹೇಗೆ ಬರೀಬೇಕೇ?"

ಮಾಸ್ಕನ್ನು ಹಣೆಯ ಮೇಲಕ್ಕೆ ಎತ್ತಿದೆ.

"ಔಟ್ ಅಂತ ಬರೀರಿ ಸರ್! ಅಂಚಿನಲ್ಲಿ ಜಡೆ ಅಂತ ಬರ್ಕೊಳ್ಳಿ!"