ಸುಕ್ಕಿಲ್ಲದ ಹಾಸಿಗೆ

ಐದು, ಆರು, ಏಳು — ಏಳನೆಯ ರಿಂಗಿಗೆ ಫೋನೆತ್ತಿದರು, ಮೂರರೊಳಗೆ ಎತ್ತಬೇಕು, ಅವಳ ಕೈ ತಾನಾಗಿಯೇ ದಿಂಬಿನ ಪಕ್ಕದ ಪುಸ್ತಕದಲ್ಲಿ ಏಳು ಎಂದು ಬರೆಯಿತು, ಗುಡ್ ಮಾರ್ನಿಂಗ್ ಮೇಡಂ, ಹೇಳಿ ಮೇಡಂ, ಕಾಫಿ ಬೇಕಿತ್ತು, ಇಬ್ಬರಿಗೂ ಕಳಿಸ್ಲಾ ಮೇಡಂ, ರಿಸೆಪ್ಷನ್ನಿನ ಹುಡುಗಿಯ ದನಿಗೆ ನಿದ್ದೆ ಇನ್ನೂ ಅಂಟಿಕೊಂಡಿದೆ, ರೂಮು ಇಬ್ಬರ ಹೆಸರಿನಲ್ಲಿದೆ, ತಿಂಗಳ ಹಿಂದೆಯೇ ಹಿಡಿದಿಟ್ಟದ್ದು, ಹ್ಞೂಂ, ಇಬ್ಬರಿಗೂ ಕಳಿಸಿ ಎಂದಳು, ಯಾಕೆ ಹಾಗೆಂದಳೋ, ಕಪ್ಪು ಎರಡು ಬರುತ್ತವೋ ಒಂದೇ ಬರುತ್ತದೋ ನೋಡುವುದೂ ಪರೀಕ್ಷೆಯೇ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಪರದೆಯ ಸಂದಿಯಿಂದ ಬೆಳಕಿನ ಗೆರೆಯೊಂದು ಕಾರ್ಪೆಟ್ಟಿಗೆ ಬಿದ್ದಿದೆ. ಗಂಡನ ಅಂತ್ಯಕ್ರಿಯೆ ಮುಗಿದು ನಾಲ್ಕು ದಿನ, ಪಕ್ಕದ ಕೋಣೆಯಲ್ಲಿ ಯಾರೂ ಮೂಗೊರೆಸಿಕೊಳ್ಳದ ಮೊದಲ ಬೆಳಗು ಇದು, ಯಾರೂ ಬಂದು ಬೆನ್ನು ಸವರುತ್ತಿಲ್ಲ, ಒಂದು ತುತ್ತಾದರೂ ತಿನ್ನಮ್ಮಾ ಎನ್ನುತ್ತಿಲ್ಲ, ಸೋಮವಾರ, ಅಲಾರಂ ಹೊಡೆಯಿತು, ಎದ್ದಳು, ಅಷ್ಟೇ. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು, ಬಸ್ಸಿಗೆ ಕಾಯುವವರ ಹಾಗೆ, ಬರಲಿಲ್ಲ, ಎದ್ದು ಹಲ್ಲುಜ್ಜಿದಳು, ನಲ್ಲಿಯ ಬುಡದಲ್ಲಿ ಸೋಪಿನ ಕಲೆ, ಅದನ್ನೂ ಬರೆದುಕೊಂಡಳು.

ಕೆಲಸವೆಂದರೆ ಇದೇ, ಮಲಗುವುದು, ತಿನ್ನುವುದು, ತಪ್ಪು ಹುಡುಕುವುದು. ಈ ಕಂಪನಿಗೆ ಇಂಥವೇ ನಲವತ್ತು ಹೋಟೆಲು, ಎಲ್ಲಿ ಹೋದರೂ ಅದೇ ಕಂದು ಪರದೆ, ಅದೇ ಮೂರು ದೋಣಿಗಳ ಚಿತ್ರ, ಕಾರ್ಡು ಸಿಕ್ಕಿಸಿದರೆ ಹೊತ್ತಿಕೊಳ್ಳುವ ಅದೇ ಹಳದಿ ದೀಪ, ಅವಳು ಗಿರಾಕಿಯ ಹಾಗೆ ಬಂದು ಉಳಿಯಬೇಕು, ಮಂಚದಡಿ ಕಾಗದದ ಚೂರೆಸೆದು ಗುಡಿಸಿದ ಮೇಲೂ ಅಲ್ಲೇ ಇದೆಯೇ ನೋಡಬೇಕು, ಇಪ್ಪತ್ತು ದಿನ ಬಿಟ್ಟು ಅದೇ ಹೋಟೆಲಿಗೆ ಇನ್ನೊಮ್ಮೆ ಬರಬೇಕು, ಎರಡನೆಯ ಸಲ ಹೊರಡುವಾಗ ಮಾತ್ರ ಮ್ಯಾನೇಜರಿಗೆ ತಾನು ಯಾರೆಂದು ಹೇಳಿ ತಪ್ಪುಗಳ ಪಟ್ಟಿ ಒಪ್ಪಿಸಬೇಕು. ಗಂಡನಿಗೆ ಕನ್ನಡಕದ ಅಂಗಡಿ, ಬಾಗಿಲೆಳೆದು ಇವಳ ಜೊತೆ ಬರುತ್ತಿದ್ದ, ಗಂಡಹೆಂಡತಿ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ, ನಾನು ನಿನ್ನ ವೇಷದ ಮೀಸೆ ಕಣೇ, ಕೆಲಸ ಮುಗಿದ ಮೇಲೆ ಕಿತ್ತು ಜೇಬಿಗಿಟ್ಕೋ ಎನ್ನುತ್ತಿದ್ದ. ಈ ಸಲ ಬೇರೆಯವರನ್ನ ಕಳಿಸ್ತೀನಮ್ಮಾ, ನೀನು ಮನೇಲಿರು ಎಂದರು ಆಫೀಸಿನ ಹಿರಿಯರು, ಬೇಡ ಸರ್, ನಾನೇ ಹೋಗ್ತೀನಿ. ಅತ್ತೆ ಹೊಸ್ತಿಲಲ್ಲೇ ನಿಂತು, ನನ್ನ ಮಗನ ಮೇಲಿನ ಮಣ್ಣು ಇನ್ನೂ ಆರಿಲ್ಲ, ಇವಳು ಹೋಟೆಲಿಗೆ ಹೊರಟ್ಳು, ಹೋಗು ತಾಯಿ, ಚೆನ್ನಾಗಿ ಮಲಕ್ಕೊಂಡು ಬಾ. ನಾದಿನಿ ಒಳಗಿನಿಂದ, ಬಿಡಮ್ಮಾ, ಅತ್ತಿಗೆ ಕಲ್ಲು ಅಂತ ನನಗೆ ಮದುವೆ ದಿನಾನೇ ಗೊತ್ತಿತ್ತು. ಅವಳು ಸೂಟ್‌ಕೇಸಿನ ಜಿಪ್ಪು ಎಳೆದಳು, ಬಟ್ಟೆಯ ಕೆಳಗೆ ರಬ್ಬರಿನ ಬಿಸಿನೀರಿನ ಬ್ಯಾಗೊಂದು ಮಡಚಿಕೊಂಡು ಕೂತಿತ್ತು, ಹಳೆಯ ಟವೆಲ್ಲಿನ ಕವಚ, ಅಂಚಿಗೆ ಕೈಹೊಲಿಗೆ, ಕೆಂಪು ದಾರ.

ಕಪ್ಪು ಎರಡು ಬಂದವು. ಒಂದನ್ನು ಕುಡಿದಳು, ಇನ್ನೊಂದರ ಮೇಲೆ ಕೆನೆ ಕಟ್ಟಿತು. ಕಳೆದ ಮಂಗಳವಾರ ಅವನು ಅಂಗಡಿಯಲ್ಲಿ ಯಾರದೋ ಕಣ್ಣು ಪರೀಕ್ಷಿಸುತ್ತಿದ್ದನಂತೆ, ಮೇಲಿಂದ ಓದಿ ಎಂದನಂತೆ, ಗಿರಾಕಿ ಪಾಪ ಕೊನೆಯ ಸಾಲಿನವರೆಗೂ ಓದಿ, ಸರಿನಾ ಎಂದು ತಿರುಗಿದರೆ ಇವನು ಸ್ಟೂಲಿನಿಂದ ಜಾರಿ ನೆಲದ ಮೇಲೆ. ಡಾಕ್ಟರು ಕೇಳಿದರು, ಎದೆನೋವು ಅಂತ ಮುಂಚೆ ಯಾವತ್ತಾದರೂ ಹೇಳಿದ್ರಾ, ಇಲ್ಲ ಎಂದಳು. ಇಲ್ಲ. ಎಷ್ಟು ಸಲೀಸಾಗಿ ಬಂತು ಬಾಯಿಗೆ. ಹೇಳಿದ್ದ, ಇಪ್ಪತ್ತು ದಿನದ ಹಿಂದೆ, ಇದೇ ಹೋಟೆಲಿನಲ್ಲಿ, ಇದೇ ಮಹಡಿಯಲ್ಲಿ, ಎರಡು ಬಾಗಿಲು ಆಚೆಯ ಕೋಣೆಯಲ್ಲಿ — ತಿಂಡಿ ತಿಂದು ಮೇಲೆ ಬಂದಾಗ ರೂಮು ಮಾಡಿಟ್ಟು ಹೋಗಿದ್ದರು, ಹಾಸಿಗೆ ಇಸ್ತ್ರಿ ಮಾಡಿದಂತಿತ್ತು, ಯಾಕೋ ಎದೆ ಹಿಡ್ಕೊಂಡ ಹಾಗಾಗ್ತಿದೆ ಕಣೇ, ಸ್ವಲ್ಪ ಬಿದ್ಕೊಳ್ತೀನಿ, ಏಯ್ ಮುಟ್ಟಬೇಡ ಎಂದಳು, ಫೋಟೊ ತೆಗೆದಿಲ್ಲ, ಸುಕ್ಕಾದರೆ ಅವರ ತಪ್ಪೋ ನಿನ್ನ ತಪ್ಪೋ ಗೊತ್ತಾಗಲ್ಲ, ಎರಡೇ ನಿಮಿಷ. ಬೆಳಕು ಸರಿಯಿರಲಿಲ್ಲ, ಪರದೆ ಸರಿಸಿದಳು, ಮತ್ತೆ ಎಳೆದಳು, ದೀಪ ಹಾಕಿದಳು, ಅವನು ಮಂಚಕ್ಕೂ ಗೋಡೆಗೂ ನಡುವೆ ನೆಲದ ಮೇಲೆ ಕೂತ, ಆಟವಾಡುತ್ತಿದ್ದಾನೆ ಎಂದುಕೊಂಡಳು, ಸದಾ ಆಟವೇ ತಾನೇ, ಫೋಟೊ ತೆಗೆದು ನೋಡಿದರೆ ಬಿಳಿ ಹಾಸಿಗೆಯ ಅಂಚಿನಲ್ಲಿ ಎರಡು ಬೆರಳು, ಹಾಸಿಗೆಗೆ ತಾಗಿಸದೆ ಮರದ ಚೌಕಟ್ಟನ್ನಷ್ಟೇ ಹಿಡಿದ ಎರಡು ಬೆರಳು, ಉಗುರು ಬೆಳ್ಳಗಾಗಿದೆ, ಬೆರಳು ತೆಗಿಯೋ, ಫೋಟೊದಲ್ಲಿ ಬೀಳ್ತಿದೆ. ತೆಗೆದ. ಇನ್ನೊಂದು ಫೋಟೊ ತೆಗೆದಳು. ಹಾಗಾದ್ರೆ ಹೊರಗಿರ್ತೀನಿ ಎಂದು ಗೋಡೆ ಹಿಡಿದು ಎದ್ದು ಹೋದ. ಹಾಸಿಗೆಗೆ ಹತ್ತಕ್ಕೆ ಹತ್ತು ಕೊಟ್ಟಳು.

ಅವತ್ತು ಸಂಜೆ ಟ್ಯಾಕ್ಸಿಯಲ್ಲಿ ಅವನ ಮಡಿಲಲ್ಲಿ ಈ ಬ್ಯಾಗು, ಮೂರನೇ ಮಹಡಿ ರೂಮು ಮಾಡೋ ಅಕ್ಕ ಕೊಟ್ರು ಕಣೇ, ಅವರ ಸೊಂಟನೋವಿಗೆ ಇಟ್ಕೊಂಡಿದ್ದಂತೆ, ಮುಂದಿನ ಸಲ ವಾಪಸ್ ಕೊಡಬೇಕು, ನೆನಪು ಮಾಡು. ಅಲ್ವೋ, ಕೆಲಸದವರು ಸ್ವಂತ ಸಾಮಾನು, ಔಷಧಿ ಏನೂ ಗಿರಾಕಿಗೆ ಕೊಡೋ ಹಾಗಿಲ್ಲ, ಕೊಟ್ಟರೆ ಅವತ್ತೇ ಮನೆಗೆ ಕಳಿಸ್ತಾರೆ, ನಾನಿದನ್ನ ಬರೀಬೇಕಾಗುತ್ತೆ. ಬರಿ, ಬರಿ, ಹಾಗೇ ನಿನ್ನ ಗಂಡನಿಗೂ ಒಂದು ಸೊನ್ನೆ ಸುತ್ತು ಎಂದು ನಕ್ಕಿದ್ದ. ಬರೆದಿರಲಿಲ್ಲ.

ಬಾಗಿಲ ಮೇಲೆ ಮೂರು ಸಲ ಮೆತ್ತಗೆ, ರೂಮ್ ಮಾಡ್ಲಾ ಮೇಡಂ, ತಳ್ಳುಗಾಡಿಯ ಒಂದು ಚಕ್ರ ಕಿರುಗುಟ್ಟುತ್ತದೆ, ಐವತ್ತರ ಹೆಂಗಸು, ಸೊಂಟಕ್ಕೆ ಕೈಕೊಟ್ಟು ಒಳಗೆ ಬಂದವರೇ ಮುಖ ಅರಳಿಸಿದರು, ಓ, ನೀವೇನಾ, ಸರ್ ಎಲ್ಲಿ, ನನ್ನ ಬ್ಯಾಗು ಎತ್ಕೊಂಡು ಹೋದ ಕಳ್ಳ, ಇಪ್ಪತ್ತು ದಿನದಿಂದ ನನ್ನ ಸೊಂಟ ಅವರನ್ನೇ ಬೈತಾ ಇದೆ. ಅವರ ನಗುವಿನಲ್ಲಿ ಅವನ ನಗುವಿನ ಚೂರೊಂದು ಇತ್ತು, ಇಬ್ಬರೂ ಸೇರಿ ನಕ್ಕಿದ್ದರಲ್ಲ ಹೊರಗೆ, ಅವಳು ಒಳಗೆ ಹಾಸಿಗೆಗೆ ಅಂಕ ಹಾಕುತ್ತಿದ್ದಾಗ. ಬ್ಯಾಗು ನಾಲ್ಕು ಹೆಜ್ಜೆ ದೂರದ ಸೂಟ್‌ಕೇಸಿನಲ್ಲಿತ್ತು, ತೆಗೆದು ಕೈಗಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಬಂದಿಲ್ಲ, ಊರಿಗೆ ಹೋಗಿದ್ದಾರೆ ಎಂದಳು. ಹುಷಾರಾಗಿದ್ದಾರೆ ತಾನೇ ಮೇಡಂ, ಅವತ್ತು ಈ ಬಕೆಟ್ ಬೋರಲು ಹಾಕ್ಕೊಂಡು ಕೂತ್ರು, ಮೈಯೆಲ್ಲಾ ಬೆವರು, ಗ್ಯಾಸ್ ಇರ್ಬೇಕು ಅಕ್ಕಾ ಅಂದ್ರು, ಇದು ಗ್ಯಾಸಲ್ಲ ಸರ್, ಒಳಗೆ ಮೇಡಂ ಇದಾರಲ್ಲ, ಹೇಳಿ, ಆಸ್ಪತ್ರೆಗೆ ಹೋಗಿ ಅಂದೆ, ಶ್, ಅವಳ ಕೆಲಸ ಮುಗೀಲಿ ಅಕ್ಕಾ ಅಂದ್ರು, ನಿಮಗೆ ಹೇಳಿದ್ರಾ, ತೋರಿಸಿದ್ರಾ? ದಿಂಬಿನ ಕವರು ಕೊಡವಿದ ಸದ್ದು. ತೋರಿಸಿದ್ವಿ, ಗ್ಯಾಸೇ ಅಂತೆ. ಅಬ್ಬಾ, ಬದುಕಿದೆ, ನನಗೆ ಅದೇ ಒಂದು ಯೋಚನೆ ಆಗಿತ್ತು ಮೇಡಂ. ಆಕೆ ಹಾಸಿಗೆಯ ಮೇಲೆ ಬಾಗಿ ಅಂಗೈಯಿಂದ ಬಿಳಿ ಬಟ್ಟೆಯನ್ನು ಒತ್ತುತ್ತಾ ಒತ್ತುತ್ತಾ ಹೋದರು, ಒಂದೊಂದು ಸುಕ್ಕೂ ಅಂಚಿನವರೆಗೆ ಹೋಗಿ ಕೆಳಗೆ ಬಿತ್ತು, ಅಂಚಿನಲ್ಲಿ ಎರಡು ಬೆರಳು, ಅವಳು ಕಣ್ಣು ಮುಚ್ಚಿ ತೆಗೆದಳು, ಇನ್ನೂ ಅಲ್ಲೇ ಇತ್ತು. ಈ ಹೆಂಗಸು ಬಾಯಿ ಮುಚ್ಚಿಕೊಂಡಿದ್ದರೆ ಆಕೆಯ ಕೆಲಸ ಉಳಿಯುತ್ತಿತ್ತು. ನಾನೇ ಗ್ಯಾಸ್ ಅಂದುಬಿಟ್ಟೆ ಮೇಡಂ ಎಂದಿದ್ದರೆ, ಕೈಮುಗಿದಿದ್ದರೆ, ಅವಳು ಕ್ಷಮಿಸಿಯೂ ಬಿಡುತ್ತಿದ್ದಳು. ತಪ್ಪೇ ಮಾಡದವರನ್ನು ಏನು ಮಾಡುವುದು, ಗೊತ್ತಿರುವವರನ್ನು ಏನು ಮಾಡುವುದು.

ಕೆಳಗೆ ಮ್ಯಾನೇಜರು ಅವಳ ಗುರುತಿನ ಚೀಟಿ ನೋಡಿ ಕುರ್ಚಿಯಿಂದ ಅರ್ಧ ಎದ್ದರು, ಅಯ್ಯೋ, ನೀವಾ ಮೇಡಂ, ತಪಾಸಣೆಗೆ ಬಂದಿರೋದು ಇನ್ನೂರ ನಾಲ್ಕರ ಬೋಳುತಲೆಯವರು ಅಂದ್ಕೊಂಡಿದ್ವಿ ನಾವು, ಮೂರು ದಿನದಿಂದ ಹೊತ್ತುಹೊತ್ತಿಗೆ ಹಣ್ಣು ಕಳಿಸಿದ್ದೇ ಕಳಿಸಿದ್ದು, ಆ ಮಹಾರಾಯ ಬುಟ್ಟಿ ಸಮೇತ ಮನೆಗೆ ಕಟ್ಟಿಸ್ಕೊಂಡ. ನಗಬೇಕಾದ ಜಾಗದಲ್ಲಿ ಅವಳು ನಕ್ಕಳು, ಪಟ್ಟಿ ಓದಿದಳು, ಏಳು ರಿಂಗು, ನಲ್ಲಿಯ ಕಲೆ, ತಳ್ಳುಗಾಡಿಯ ಚಕ್ರ, ಅವರು ತಲೆಯಾಡಿಸಿ ಬರೆದುಕೊಂಡರು, ಕೊನೆಗೆ ಬ್ಯಾಗನ್ನು ಮೇಜಿನ ಮೇಲಿಟ್ಟಳು, ಮೂರನೇ ಮಹಡಿಯವರು ಇದನ್ನು ನನ್ನ ಗಂಡನಿಗೆ ಕೊಟ್ಟಿದ್ದರು, ಎದೆನೋವಿಗೆ. ಮ್ಯಾನೇಜರ ಪೆನ್ನು ನಿಂತಿತು. ಒಳ್ಳೆ ಹೆಂಗಸು ಮೇಡಂ, ಹದಿನಾಲ್ಕು ವರ್ಷದಿಂದ ಇದಾರೆ, ಇದೊಂದನ್ನ ಬಿಟ್ಬಿಡೋಕಾಗಲ್ವಾ, ಬಾಯಲ್ಲಿ ಹೇಳಿ ಬುದ್ಧಿ ಕಲಿಸ್ತೀನಿ. ಅವರನ್ನ ಕರೆಸಿ ಎಂದಳು. ಆಕೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು, ಮೇಜಿನ ಮೇಲಿನದು ಕಂಡು, ಓಹೋ, ಸರ್ ಕೊಟ್ಟು ಕಳ್ಸಿದ್ರಾ, ಎಂದು ಇಷ್ಟಗಲ ನಕ್ಕರು, ಮ್ಯಾನೇಜರು ನೆಲ ನೋಡಿದರು. ಅವರು ಸತ್ತುಹೋದರು, ಎಂದಳು ಅವಳು, ಹೃದಯ ನಿಂತು, ನೀವು ಗ್ಯಾಸ್ ಅಂತ ಹೇಳಿ ಕಳಿಸಿದ್ರಂತೆ. ಎಷ್ಟು ಸಲೀಸು. ಇಲ್ಲ ಎನ್ನಬಹುದಿತ್ತು ಆಕೆ, ನಾನು ಹಾಗಂದಿಲ್ಲ, ಈಗ ಮೇಲೆ ಹೇಳಿದೆನಲ್ಲ ಮೇಡಂ, ಎಂದು ಕೂಗಬಹುದಿತ್ತು, ಅವಳು ಅದಕ್ಕೇ ಕಾದಳು, ಉತ್ತರ ಸಿದ್ಧ ಮಾಡಿಕೊಂಡೇ ಕಾದಳು, ಆಕೆ ಮಾತ್ರ, ಯಾವಾಗ, ಎಂದರು, ಆಮೇಲೆ, ಅಯ್ಯೋ ನನ್ನಪ್ಪಾ, ಎಂದು ಸೆರಗು ಬಾಯಿಗೊತ್ತಿಕೊಂಡು ಅತ್ತರು, ಇಷ್ಟು ದಿನ ಆ ಮನೆಯಲ್ಲಿ ಯಾರೂ ಅತ್ತಿರದ ಹಾಗೆ, ನಾಟಕವಿಲ್ಲದೆ, ಕೆಲಸ ಹೋಯಿತೆಂಬುದು ಇನ್ನೂ ತಲೆಗೇ ಹೋಗದೆ, ಅವನಿಗಾಗಿ. ತಗೊಳ್ಳಿ, ನಿಮ್ಮದು ಎಂದು ಅವಳು ಬ್ಯಾಗನ್ನು ಚಾಚಿದಳು, ಆಕೆ ಎರಡೂ ಕೈಯಲ್ಲಿ ಹಿಡಿದರು, ಎಳೆದುಕೊಂಡರು, ಬರಲಿಲ್ಲ, ಕೆಂಪು ದಾರದ ಅಂಚಿನಲ್ಲಿ ಇವಳ ಬೆರಳು ಇನ್ನೂ ಇದೆ, ಎರಡು ಬೆರಳು, ಉಗುರು ಬೆಳ್ಳಗಾಗಿದೆ, ಬಿಡಿ ಮೇಡಂ ಎನ್ನುತ್ತಿದ್ದಾರೆ ಯಾರೋ, ಎರಡು ಬೆರಳು, ಬಿಳಿ ಹಾಸಿಗೆ, ತಾಗಿಸದೆ ಹಿಡಿದದ್ದು, ತಾಗಿಸದೆ, ಬೆರಳು ತೆಗಿಯೋ, ಬೆರಳು ತೆಗಿ, ಬೆರಳು —